ಕೆಲಸ ಬಿಡದೆ ಓದಲು ಹೊರಟ ಶಿಕ್ಷಕರಿಗೆ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ಮಾತು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಕ್ಷಕ ಗೆಳೆಯರಿಗೆ. ಅದರಲ್ಲೂ ಬಿ.ಎಡ್. ಮುಗಿಸಿ, ಕೆಲಸಕ್ಕೆ ಸೇರಿ, ಈಗ ಮತ್ತೆ ಏನಾದರೂ ಓದೋಣ ಅಂತ ಯೋಚಿಸುತ್ತಿರುವವರಿಗೆ. ಶೈಕ್ಷಣಿಕ ತಂತ್ರಜ್ಞಾನದಲ್ಲಿ ಸ್ನಾತಕೋತ್ತರ ಓದು ಓದಿ ಎಂದು ನಿಮ್ಮನ್ನು ಕೇಳಿಕೊಳ್ಳಲು ಬಂದಿದ್ದೇನೆ.

ಹೆಸರು ಕೇಳಿದ ಕೂಡಲೇ ಬಹಳ ಜನ ಇದನ್ನು ಕಂಪ್ಯೂಟರ್ ಕೋರ್ಸ್ ಅಂದುಕೊಳ್ಳುತ್ತಾರೆ. ಪ್ರೊಜೆಕ್ಟರ್ ಜೋಡಿಸುವುದು, ಪಿಪಿಟಿ ಮಾಡುವುದು, ಮೊಬೈಲ್‌ನಲ್ಲಿ ಕಿರುಪರೀಕ್ಷೆ ಕೊಡುವುದು. ಇಷ್ಟಕ್ಕೆ ಎರಡು ವರ್ಷ ಬೇಕಾಗಿಲ್ಲ. ಸರ್ಕಾರಿ ಪ್ರೌಢಶಾಲೆಗಳ ಎಷ್ಟೋ ಶಿಕ್ಷಕರು ತಂತ್ರಜ್ಞಾನ ಬಳಸಿ ಪಾಠ ಮಾಡಲು ಸರ್ಕಾರ ಕೊಡುವ ಟಾಲ್ಪ್ ತರಬೇತಿಯಲ್ಲೇ ಇಂಥದ್ದನ್ನು ಕಲಿತಿದ್ದಾರೆ. ಈ ಓದು ಕೇಳುವ ಪ್ರಶ್ನೆ ಬೇರೆ. ಮಗುವಿಗೆ ಈಗಾಗಲೇ ಏನು ಗೊತ್ತಿದೆ? ಎಲ್ಲಿ ತೊಡಕಾಗುತ್ತಿದೆ? ಅಲ್ಲಿ ಚಿತ್ರ ಬೇಕೋ, ದನಿ ಬೇಕೋ, ಸೀಮೆಸುಣ್ಣವೇ ಸಾಕೋ?

ಶಿಡ್ಲಘಟ್ಟದ ಕಡೆಯ ಒಂದು ಶಾಲೆಯನ್ನು ನೆನೆಸಿಕೊಳ್ಳಿ. ಪಾಠ, ರೇಷ್ಮೆ ಹುಳುವಿನ ಜೀವನಚಕ್ರ. ಸ್ಮಾರ್ಟ್ ಕ್ಲಾಸ್ ಇದೆ, ಮೊಟ್ಟೆಯಿಂದ ಚಿಟ್ಟೆಯವರೆಗೆ ಪೂರ್ತಿ ವಿಡಿಯೊ ಇದೆ. ಹಾಕಿಬಿಡಬಹುದು. ಆದರೆ ಮುಂದೆ ಕೂತಿರುವ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ಹುಳು ಸಾಕುತ್ತಾರೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನು ಜ್ವರ ಅನ್ನುತ್ತಾರೆ. ಮನೆಯ ಹುಳು ಈಗ ಎಷ್ಟನೇ ಜ್ವರದಲ್ಲಿದೆ ಅಂತ ಆ ಮಕ್ಕಳು ಥಟ್ಟನೆ ಹೇಳುತ್ತಾರೆ. ಸೊಪ್ಪು ಹಾಕಿದ್ದಾರೆ, ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಟ್ಟಿದ್ದಾರೆ. ಅವರಿಗೆ ಹುಳು ಸೊಪ್ಪು ತಿನ್ನುವ ವಿಡಿಯೊ ತೋರಿಸಿ ಏನು ಪ್ರಯೋಜನ?

ಅವರು ನೋಡದ ಘಟ್ಟ ಮಾತ್ರ ಒಂದಿದೆ. ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಅದು ಮಾರುಕಟ್ಟೆಗೆ ಹೋಗುತ್ತದೆ. ಚಿಟ್ಟೆ ಹೊರಬರುವವರೆಗೆ ಕಾದರೆ ಗೂಡು ತೂತಾಗಿ ಎಳೆ ಹಾಳಾಗುತ್ತದೆ, ಸರಿಯಾಗಿ ನೂಲು ಬಿಚ್ಚಲು ಬರುವುದಿಲ್ಲ. ಹೀಗಾಗಿ ಗೂಡಿನೊಳಗೆ ಹುಳು ಹೇಗೆ ಬದಲಾಗುತ್ತದೆ, ಚಿಟ್ಟೆ ಹೇಗೆ ಹೊರಬರುತ್ತದೆ ಅನ್ನುವುದನ್ನು ರೇಷ್ಮೆ ಮನೆಯ ಮಕ್ಕಳೂ ನೋಡಿರುವುದು ಕಡಿಮೆ. ವಿಡಿಯೊ ಬೇಕಾದದ್ದು ಅಲ್ಲಿ. ಎರಡು ನಿಮಿಷದ್ದಾದರೂ ಸಾಕು. ಉಳಿದ ಪಾಠವನ್ನು ಮಕ್ಕಳ ಬಾಯಿಂದಲೇ ಹೇಳಿಸಬಹುದು, ಅಲ್ವಾ?

ಮೇಷ್ಟ್ರಿಗೆ ಇದೆಲ್ಲ ಅನುಭವದಿಂದ ಹೊಳೆಯುತ್ತದೆ, ಡಿಗ್ರಿ ಯಾಕೆ ಅಂತ ಕೇಳಬಹುದು. ಒಂದು ಪಾಠಕ್ಕೆ ಹೊಳೆದದ್ದು ಪ್ರತಿ ಪಾಠಕ್ಕೂ ಹೊಳೆಯುವುದಿಲ್ಲ. ಓದು ಅದಕ್ಕೊಂದು ಕ್ರಮ ಕೊಡುತ್ತದೆ. ಮೊದಲು ಕಲಿಯುವವರನ್ನು ಅರಿಯುವುದು, ಆಮೇಲೆ ಪಾಠವನ್ನು ಯೋಜಿಸುವುದು, ತಯಾರಿಸುವುದು, ತರಗತಿಯಲ್ಲಿ ಬಳಸುವುದು, ಫಲ ಸಿಕ್ಕಿತಾ ಅಂತ ನೋಡುವುದು. ಆ್ಯಡಿ ಅಂತ ಕರೆಯುವ ಈ ಮಾದರಿಯ ಬೇರು 1975ರಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಮಾಡಿದ ಕೆಲಸದಲ್ಲಿದೆ.

ನನಗೆ ಬಹಳ ಇಷ್ಟವಾದದ್ದು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಸಂಶೋಧನೆ. ಚಿತ್ರ ತೋರಿಸುತ್ತಾ ವಿವರಿಸುವಾಗ ಅದೇ ಮಾತುಗಳನ್ನು ಪರದೆಯ ಮೇಲೂ ಬರೆದರೆ ಕಲಿಕೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕಣ್ಣು ಚಿತ್ರ ನೋಡಬೇಕೋ, ಅಕ್ಷರ ಓದಬೇಕೋ? ಆದರೆ ಕೇಳುವ ಭಾಷೆ ಮನೆಯ ಭಾಷೆಯಲ್ಲದಿದ್ದರೆ ಪರದೆಯ ಅಕ್ಷರ ನೆರವಾಗಬಹುದು ಅಂತಲೂ ಅವರೇ ಹೇಳುತ್ತಾರೆ. ಈಗ ಬಾಗೇಪಲ್ಲಿಗೆ ಬನ್ನಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲಿನ ಆರನೇ ತರಗತಿಯಲ್ಲಿ ಅಕ್ಷರ ಇಡಬೇಕೋ, ಅಳಿಸಬೇಕೋ? ಎರಡು ಗುಂಪಿಗೆ ಎರಡು ಬಗೆಯಲ್ಲಿ ತೋರಿಸಿ, ಮಾರನೇ ವಾರ ಪ್ರಶ್ನೆ ಕೇಳಿ ನೋಡಬಹುದು. ಕೋರ್ಸಿನ ಸಂಶೋಧನಾ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಾ? ಪೂರ್ಣಾವಧಿ ವಿದ್ಯಾರ್ಥಿ ಇಂಥ ಪ್ರಯೋಗಕ್ಕೆ ಶಾಲೆ ಹುಡುಕಿಕೊಂಡು ಹೋಗಬೇಕು. ನಿಮ್ಮ ತರಗತಿ ನಿಮ್ಮ ಕೈಯಲ್ಲೇ ಇದೆ. ಕೆಲಸದಲ್ಲಿದ್ದುಕೊಂಡೇ ಓದಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಅಂದ ಹಾಗೆ, ರೇಡಿಯೊ ಕೂಡ ಶೈಕ್ಷಣಿಕ ತಂತ್ರಜ್ಞಾನವೇ. 'ಕೇಳಿ ಕಲಿ' ಬಾನುಲಿ ಪಾಠಗಳನ್ನು ಮಕ್ಕಳೊಂದಿಗೆ ಕೂತು ಕೇಳಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನು ಎಲ್ಲಿ ಓದುವುದು? ಎಂ.ಎಡ್.ಗೆ ಹಾಜರಾತಿ ಬೇಕು, ಅಂದರೆ ರಜೆ ಬೇಕು. ಇಗ್ನೊ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಶಿಕ್ಷಣದಲ್ಲಿ ಶೈಕ್ಷಣಿಕ ತಂತ್ರಜ್ಞಾನವನ್ನು ವಿಶೇಷ ವಿಷಯವಾಗಿ ಓದಬಹುದು, ದೂರಶಿಕ್ಷಣದಲ್ಲಿ. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ಪುಸ್ತಕ ಕನ್ನಡದಲ್ಲಿ ಇರುವುದಿಲ್ಲ, ಇಂಗ್ಲಿಷ್ ಕಷ್ಟ ಅನ್ನಿಸಬಹುದು. ತಾಲ್ಲೂಕಿನಲ್ಲಿ ಮೂರ್ನಾಲ್ಕು ಜನ ಒಟ್ಟಿಗೆ ಸೇರಿ, ಭಾನುವಾರ ಕೂತು ಓದಿ, ಕನ್ನಡದಲ್ಲೇ ಚರ್ಚೆ ಮಾಡಿ. ಎಷ್ಟೋ ಹಗುರವಾಗುತ್ತದೆ.

ಯಾವುದೇ ದೂರಶಿಕ್ಷಣ ಕೋರ್ಸ್ ಆಗಲಿ, ಹಣ ಕಟ್ಟುವ ಮುಂಚೆ ಅದಕ್ಕೆ ಯುಜಿಸಿ ಮಾನ್ಯತೆ ಇದೆಯಾ ನೋಡಿ. ಸರ್ಕಾರಿ ಶಿಕ್ಷಕರು ಇಲಾಖೆಯ ಅನುಮತಿಯನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.

ಮುಖ್ಯ ಶಿಕ್ಷಕರಲ್ಲೂ ಬಿಇಒ ಅವರಲ್ಲೂ ಒಂದು ವಿನಂತಿ. ಹೀಗೆ ಓದಿ ಬಂದ ಟೀಚರನ್ನು ಆನ್‌ಲೈನ್ ಮಾಹಿತಿ ತುಂಬುವ ಕೆಲಸಕ್ಕೆ ಕೂರಿಸಬೇಡಿ. ವಾರಕ್ಕೆ ಎರಡು ಪೀರಿಯಡ್ ಬಿಡುವು ಕೊಡಿ. ಅವರು ತಯಾರಿಸಿದ ಪಾಠ ಅಕ್ಕಪಕ್ಕದ ಶಾಲೆಗಳಿಗೂ ತಲುಪಲಿ.

ನಮಸ್ಕಾರ.