ಮೀನು ಯಾಕೆ ಮೈ ಹಿಡೀತಿಲ್ಲ? ನಸುಕಿನಲ್ಲಿ ನೀರು ನೋಡಿ

ಕೆರೆಯ ಮೀನು ಬೆಳೀತಿಲ್ಲ ಅಂದ ತಕ್ಷಣ ಮರಿ ಸರಿಯಿಲ್ಲ, ಮೇವು ಸಾಲದು ಅನ್ನೋರೇ ಜಾಸ್ತಿ. ನೀರು ಪರೀಕ್ಷೆ ಮಾಡಿಸಿದ್ರಾ ಅಂತ ಕೇಳಿ, "ಎಲ್ಲ ಚೆನ್ನಾಗಿದೆ" ಅಂತಾರೆ. ಯಾವಾಗ ಮಾಡಿದ್ದು? ಮಧ್ಯಾಹ್ನ, ದಡದಲ್ಲಿ, ಮೇಲ್ಮೇಲಿನ ನೀರಲ್ಲಿ. ಆ ಪರೀಕ್ಷೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಮೀನು ತಿಂದಿದ್ದರಲ್ಲಿ ಉಸಿರಾಟ, ಈಜು, ಜೀರ್ಣ, ಮೊಟ್ಟೆ ಎಲ್ಲದಕ್ಕೂ ಖರ್ಚಾಗಿ ಮಿಕ್ಕಿದ್ದು ಮಾತ್ರ ಮೈಗೆ ಹತ್ತೋದು. ನೀರಿನ ಉಷ್ಣತೆ 10 ಡಿಗ್ರಿ ಏರಿದರೆ, ಸುಮ್ಮನೆ ನಿಂತ ಮೀನಿನ ಖರ್ಚೇ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ. ಅತ್ತ ನೀರಿಗೆ ಆಮ್ಲಜನಕ ಹಿಡಿದಿಡೋ ಶಕ್ತಿ ಇಳಿಯುತ್ತೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30ರಲ್ಲಿ ಏಳೂವರೆ. ಕಾಟ್ಲಾ, ರೋಹುವಿನಂಥ ಗೆಂಡೆಗಳಿಗೆ 25ರಿಂದ 32 ಡಿಗ್ರಿ ಹಿತ, ನಿಜ. ಆದರೆ ಬೆಚ್ಚಗಿನ ನೀರಲ್ಲಿ ಮೀನು ಬೇಗ ಬೆಳೆಯುತ್ತೆ ಅನ್ನೋ ಮಾತು ಮೇವು, ಆಮ್ಲಜನಕ ಎರಡೂ ಸಾಕಷ್ಟಿದ್ದಾಗ ಮಾತ್ರ ನಿಲ್ಲೋದು.

ಈಗ ಪಾಚಿಯ ಕಥೆ. ಹಗಲು ಅದು ಆಮ್ಲಜನಕ ಕೊಡುತ್ತೆ. ರಾತ್ರಿಯಿಡೀ ಅದೇ ಪಾಚಿ, ತಳದ ಹೂಳು, ಮೀನು ಎಲ್ಲ ಸೇರಿ ಅದನ್ನ ಖಾಲಿ ಮಾಡುತ್ತವೆ. ಮಧ್ಯಾಹ್ನ 12 ಮಿಲಿಗ್ರಾಂ ತೋರಿಸಿದ ಹಸಿರು ಕೆರೆ ಸೂರ್ಯ ಹುಟ್ಟೋ ಮುಂಚೆ 2ಕ್ಕೆ ಇಳಿದಿರಬಹುದು. 5ರ ಮೇಲಿದ್ದರೆ ಮೀನು ಆರಾಮ. 3ರ ಕೆಳಗೆ ಹೋದರೆ ಮೇವು ಮುಟ್ಟೋದೇ ಕಷ್ಟ. ಸಾಯಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ. ಆ ಹೊತ್ತಲ್ಲಿ ಹಾಕಿದ ಮೇವು ತಳಕ್ಕೆ ಹೋಗಿ ಕೊಳೆತು ಇರೋ ಆಮ್ಲಜನಕವನ್ನೂ ತಿನ್ನುತ್ತೆ. ಸಂಜೆಗೆ ಇನ್ನೊಂದು ಕಾಟ: ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಅನ್ನು (ನೀರಿನ ಹುಳಿ-ಕ್ಷಾರದ ಅಳತೆ, 7 ಅಂದರೆ ಸಮ) 9ಕ್ಕೆ ಏರಿಸುತ್ತೆ. 25 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ದಾಗ ಮೀನಿನಿಂದ, ಕೊಳೆತ ಮೇವಿನಿಂದ ನೀರಿಗೆ ಸೇರಿದ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇಲ್ಲ. 9ರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ. ಕಿವಿರು ಸುಟ್ಟ ಮೀನು ಏನು ತಿಂದೀತು?

ಆಳದ ಕೆರೆಯಲ್ಲಿ ಗಾಳಿಯಿಲ್ಲದ ಬಿಸಿಲಿನ ವಾರಗಳಲ್ಲಿ ನೀರು ಪದರ ಕಟ್ಟುತ್ತೆ. ಮೇಲಿನ ಬೆಚ್ಚಗಿನ ಪದರ ಕೆಳಗಿನ ತಣ್ಣನೆಯದರ ಜೊತೆ ಬೆರೆಯಲ್ಲ, ತಳದ ಆಮ್ಲಜನಕ ಮುಗಿದುಹೋಗುತ್ತೆ. ಮೃಗಾಲ್‌ನಂಥ ತಳದಲ್ಲಿ ಮೇಯೋ ಮೀನಿಗೆ ಊಟದ ಜಾಗವೇ ಇಲ್ಲದ ಹಾಗಾಯ್ತು. ಹೂಳಲ್ಲಿದ್ದ ರಂಜಕವೂ (ಫಾಸ್ಫರಸ್) ಬಿಡುಗಡೆಯಾಗಿ ಮತ್ತೆ ಪಾಚಿಗೆ ಗೊಬ್ಬರ. ಜೋರು ಗಾಳಿಮಳೆ ಬಂದು ಪದರ ಒಮ್ಮೆಲೇ ಮಗುಚಿದರೆ, ಬೆಳಗಾಗೋದರೊಳಗೆ ಸತ್ತ ಮೀನು ತೇಲುತ್ತೆ.

ಹವಾಮಾನ ಬದಲಾವಣೆ ಅಂದರೆ ನೀರು ಬಿಸಿಯಾಗೋದಷ್ಟೇ ಅಲ್ಲ. ಆಫ್ರಿಕಾದ ಟ್ಯಾಂಗನಿಕಾ ಸರೋವರದಲ್ಲಿ ಮೇಲ್ನೀರು ಬಿಸಿಯಾಗಿ ಬೆರಕೆ ಕುಗ್ಗಿದ್ದರಿಂದ ಆಳದ ಪೋಷಕಾಂಶ ಮೇಲೆ ಬರೋದು ಕಮ್ಮಿಯಾಯ್ತು, ಪಾಚಿಯ ಇಳುವರಿಯೂ ಇಳೀತು ಅಂತ 2003ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಂತ ಪೋಷಕಾಂಶ ಜಾಸ್ತಿಯಾದಷ್ಟೂ ಒಳ್ಳೇದು ಅಂತಲ್ಲ, ತಿಳಿನೀರಾದರೆ ಸಾಕು ಅಂತಲೂ ಅಲ್ಲ. ಯೂರೋಪಿನ ಕಾನ್‌ಸ್ಟನ್ಸ್ ಸರೋವರದಲ್ಲಿ 1970ರ ದಶಕದ ಕೊನೆಗೆ ರಂಜಕ ಲೀಟರಿಗೆ 80 ಮೈಕ್ರೋಗ್ರಾಂ ದಾಟಿತ್ತು. ಕೊಳಚೆನೀರು ಶುದ್ಧೀಕರಿಸಿದ ಮೇಲೆ 10ರ ಕೆಳಗಿಳೀತು, ಪಾಚಿ ಕಮ್ಮಿಯಾಗಿ ಆಹಾರ ಸಾಲದೆ ಅಲ್ಲಿನ ಮೀನಾದ ವೈಟ್‌ಫಿಶ್‌ನ ಬೆಳವಣಿಗೆಯೂ ಕುಂಠಿತವಾಯ್ತು.

ಹಾಗಾಗಿ ಅಳತೆ ಹೀಗಿರಲಿ. ಸೂರ್ಯ ಹುಟ್ಟೋ ಮುಂಚೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ. ಮೇಲೆ, ನಡುವೆ, ತಳಕ್ಕೆ ಅರ್ಧ ಮೀಟರ್ ಮೇಲೆ, ಹೀಗೆ ಮೂರು ಕಡೆ ಉಷ್ಣತೆ, ಆಮ್ಲಜನಕ. 20 ಸೆಂಟಿಮೀಟರ್ ಅಗಲದ ಕಪ್ಪುಬಿಳಿ ಸೆಕ್ಕಿ ತಟ್ಟೆ (ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯೋದು) ಇಳಿಬಿಡಿ. ಸಾಕಣೆ ಹೊಂಡದಲ್ಲಿ 30–40 ಸೆಂಟಿಮೀಟರಿಗೆ ಮರೆಯಾದರೆ ಸರಿ. 20ಕ್ಕೇ ಮರೆಯಾಗಿ ನೀರು ಹಸಿರಾಗಿದ್ದರೆ ಮೇವು, ಗೊಬ್ಬರ ಎರಡೂ ನಿಲ್ಲಿಸಿ.

ಮೀನನ್ನೂ ಅಳೀರಿ. ಗ್ರಾಂ ತೂಕವನ್ನ 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ. 30 ಸೆಂಟಿಮೀಟರಿನ ಮೀನು 300 ಗ್ರಾಂ ಇದ್ದರೆ 1.11, 216 ಗ್ರಾಂ ಆದರೆ 0.8. ಅದೇ ಜಾತಿ, ಅದೇ ಗಾತ್ರದಲ್ಲಿ ಈ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳೀತಿದ್ದರೆ ಮೀನು ಸೊರಗ್ತಿದೆ. ಮೊಟ್ಟೆ ತುಂಬಿದ ಹೆಣ್ಣುಗಳನ್ನ ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ, ಅವು ಇಡೀ ಸರಾಸರಿಯನ್ನೇ ಮೇಲಕ್ಕೆ ಎಳೀತವೆ.