ಡಯಾಬಿಟಿಸ್ ಇರುವ ಮಗು ಇನ್ಸುಲಿನ್ ಏಕೆ ಬಿಡುತ್ತದೆ?

[ದೃಶ್ಯ: ಮದುವೆ ಮನೆಯ ಪಂಕ್ತಿ. ಬಾಳೆ ಎಲೆಗೆ ಹೋಳಿಗೆ ಬರುತ್ತಿದೆ.]

"ಅವಳಿಗೆ ಬೇಡ, ಶುಗರ್ ಇದೆ." ಪಂಕ್ತಿಯ ಕಣ್ಣುಗಳೆಲ್ಲ ಆ ಹುಡುಗಿಯ ಎಲೆಯತ್ತ ತಿರುಗುತ್ತವೆ. ಆಚೆ ಬದಿಯಿಂದ ಇನ್ನೊಂದು ದನಿ: "ಆಗ ಎಷ್ಟು ಸೊರಗಿದ್ದಳು! ಈಗ ಮೈ ತುಂಬಿಕೊಂಡಿದ್ದಾಳೆ."

ಎರಡೂ ಅಕ್ಕರೆಯ ಮಾತುಗಳೇ. ಹದಿನೈದರ ಹುಡುಗಿ ಅವುಗಳನ್ನು ಹೇಗೆ ಕೇಳಿಸಿಕೊಳ್ಳುತ್ತಾಳೆ ಎಂಬುದೇ ಇವತ್ತಿನ ವಿಷಯ.

ಟೈಪ್ 1 ಡಯಾಬಿಟಿಸ್‌ನಲ್ಲಿ ದೇಹ ತಾನಾಗಿ ಇನ್ಸುಲಿನ್ ತಯಾರಿಸುವುದು ಬಹುತೇಕ ನಿಂತುಹೋಗಿರುತ್ತದೆ. ಕಾಯಿಲೆ ಪತ್ತೆಯಾಗುವ ಮೊದಲು ಮಕ್ಕಳು ಎಷ್ಟು ಉಂಡರೂ ಬಡವಾಗುವುದು ಅದರಿಂದಲೇ. ಇಂಜೆಕ್ಷನ್ ಶುರುವಾದ ಮೇಲೆ ಕಳೆದ ತೂಕ ಮರಳುತ್ತದೆ. ಅದು ಚೇತರಿಕೆ. ಆದರೆ ಕೆಲವು ಮಕ್ಕಳ ಮನಸ್ಸಿನಲ್ಲಿ 'ಇನ್ಸುಲಿನ್ ಎಂದರೆ ದಪ್ಪ' ಎಂಬ ಭಯ ಬೇರೂರುತ್ತದೆ. ಮನೆಯವರಿಗೆ ತಿಳಿಯದಂತೆ ಅವರು ಡೋಸ್ ಕಡಿಮೆ ಮಾಡುತ್ತಾರೆ, ಬಿಟ್ಟೂ ಬಿಡುತ್ತಾರೆ. ಹುಡುಗರಲ್ಲೂ ಇದು ಕಾಣುತ್ತದೆ. ಇದಕ್ಕೆ 'ಡಯಾಬುಲಿಮಿಯಾ' ಎಂಬ ಹೆಸರು ಬಳಕೆಯಲ್ಲಿದೆ. ಇದು ಮರೆವಲ್ಲ, ಹಟವೂ ಅಲ್ಲ, ಕಾಯಿಲೆ.

[ದೃಶ್ಯ: ರಕ್ತನಾಳ, ಜೀವಕೋಶದ ಸರಳ ಚಿತ್ರ.]

ಇನ್ಸುಲಿನ್ ಇಲ್ಲದಿದ್ದರೆ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಜೀವಕೋಶಗಳು ಹಸಿದೇ ಇರುತ್ತವೆ. ದೇಹ ತನ್ನ ಕೊಬ್ಬು, ಸ್ನಾಯುಗಳನ್ನೇ ಕರಗಿಸುತ್ತದೆ. ಆಗ ಹುಟ್ಟುವ ಆಮ್ಲಗಳಾದ ಕೀಟೋನ್‌ಗಳಿಂದ ರಕ್ತ ಆಮ್ಲೀಯವಾಗುತ್ತದೆ. ಕಣ್ಣು, ಮೂತ್ರಪಿಂಡ, ನರಗಳಿಗೂ ಪೆಟ್ಟು ಬೀಳುತ್ತದೆ. ಬೋಸ್ಟನ್‌ನ ಜೋಸ್ಲಿನ್ ಡಯಾಬಿಟಿಸ್ ಕೇಂದ್ರದವರು ಟೈಪ್ 1 ಡಯಾಬಿಟಿಸ್ ಇರುವ 234 ಮಹಿಳೆಯರನ್ನು 11 ವರ್ಷಗಳ ನಂತರ ಮತ್ತೆ ವಿಚಾರಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಇನ್ಸುಲಿನ್ ಕಡಿಮೆ ಮಾಡಿಕೊಳ್ಳುತ್ತಿದ್ದವರಲ್ಲಿ ಸಾವಿನ ಅಪಾಯ ಮೂರು ಪಟ್ಟು ಹೆಚ್ಚಿತ್ತು. ಈ ಸಂಖ್ಯೆ ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ.

ಚಿಕಿತ್ಸೆಯೇ ಪ್ರತಿ ತುತ್ತಿಗೂ ಲೆಕ್ಕ ಕೇಳುತ್ತದೆ. ಮುದ್ದೆ ಎಷ್ಟು, ಅನ್ನ ಎಷ್ಟು, ಶುಗರ್ ಎಷ್ಟು ಬಂತು? ಲೆಕ್ಕ ತಪ್ಪಿದರೆ ಬೈಗುಳ. ಊಟವೇ ಅಪರಾಧವೆಂದು ಮಗುವಿಗೆ ಅನ್ನಿಸಿದರೆ ಅಚ್ಚರಿಯೇನು?

ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಕಾರಣವಿಲ್ಲದೆ ಏರುತ್ತಿದೆಯೇ? ತಿಂಗಳಿಗೆ ಮುಗಿಯಬೇಕಾದ ಇನ್ಸುಲಿನ್ ಪೆನ್ ಇನ್ನೂ ಉಳಿದಿದೆಯೇ? ಇಂಜೆಕ್ಷನ್ ಈಗ ಬಾಗಿಲು ಮುಚ್ಚಿಕೊಂಡೇ ನಡೆಯುತ್ತಿದೆಯೇ? ಹಾಗಿದ್ದರೆ ಗದರಿಸಬೇಡಿ. ಪಕ್ಕದಲ್ಲಿ ಕುಳಿತು, "ಇನ್ಸುಲಿನ್‌ನಿಂದ ದಪ್ಪ ಆಗುತ್ತೇನೆ ಅಂತ ಭಯವಾಗುತ್ತಿದೆಯಾ ಕಂದಾ?" ಎಂದು ಕೇಳಿ. ಉತ್ತರ ಅಂದೇ ಬರದಿದ್ದರೂ ಕಾಯಿರಿ.

ಚಿಕಿತ್ಸೆಗೆ ಡಯಾಬಿಟಿಸ್ ವೈದ್ಯರೂ ಮನೋವೈದ್ಯರೂ ಜೊತೆಯಾಗಿ ಬೇಕು. ಡೋಸ್ ಮತ್ತೆ ಶುರುವಾದಾಗ ಕಾಲು, ಮುಖ ಊದಿಕೊಳ್ಳಬಹುದು. ಅದು ಬಹುಮಟ್ಟಿಗೆ ನೀರು, ಕೊಬ್ಬಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿಡಿ. ಈ ಊತಕ್ಕೆ ಹೆದರಿಯೇ ಹಲವರು ಮತ್ತೆ ಬಿಟ್ಟುಬಿಡುತ್ತಾರೆ. ಮನಸ್ಸಿನ ನೆರವಿಗೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು.

[ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ]

ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂಥ ವಾಸನೆ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.