ಮಾತಾಡಿದ್ದಕ್ಕೆ ಕೇಸು ಬಿದ್ದರೆ

ಕೇಳುಗರಿಗೆ ನಮಸ್ಕಾರ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸೂ ಸೇಂಟ್ ಮೇರಿ ಅಂತ ಒಂದು ಊರಿದೆ. ಅಲ್ಲಿ ಒಂದು ಕಂಪನಿ 91 ನಿವೇಶನಗಳ ಬಡಾವಣೆ ಮಾಡಲು ಹೊರಟಿತು. ಜೌಗು ನೆಲ ಹಾಳಾಗುತ್ತದೆ ಅಂತ ಅಲ್ಲಿನ ಜನರ ಸಂಘವೊಂದು ಅಡ್ಡ ಬಂತು. ಬಡಾವಣೆಯ ತಕರಾರು ಕೇಳುವ ಮಂಡಳಿಯ ಮುಂದೆ ಸಂಘದ ಅಧ್ಯಕ್ಷರು ಹಾಗೆಯೇ ಸಾಕ್ಷಿ ಹೇಳಿದರು. ಬಡಾವಣೆಗೆ ಒಪ್ಪಿಗೆ ಸಿಗಲಿಲ್ಲ. ಕಂಪನಿ ಸುಮ್ನೆ ಕೂರಲಿಲ್ಲ. ನಮ್ಮ ಜೊತೆ ಹಿಂದೆ ಮಾಡಿಕೊಂಡ ಒಪ್ಪಂದ ಮುರಿದಿರಿ ಅಂತ ಸಂಘದ ಮೇಲೆ 60 ಲಕ್ಷ ಡಾಲರ್‌ಗೆ ದಾವೆ ಹೂಡಿತು.

ಇಂಥ ದಾವೆ ಎಷ್ಟೋ ಸಲ ಗೆಲ್ಲುವುದಕ್ಕಲ್ಲ. ವಕೀಲರ ಫೀಸು ಕಟ್ಟಿ, ಕೋರ್ಟಿಗೆ ಅಲೆದು ಎದುರಿನವರು ಸುಸ್ತಾದರೆ ಸಾಕು. ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ?

2015ರಲ್ಲಿ ಒಂಟಾರಿಯೊ ಇದಕ್ಕೊಂದು ಕಾಯ್ದೆ ತಂದಿತು. ಸಾರ್ವಜನಿಕ ಹಿತದ ವಿಷಯ ಮಾತಾಡಿದ್ದಕ್ಕೆ ಕೇಸು ಬಿದ್ದರೆ, ಶುರುವಿನಲ್ಲೇ ವಜಾ ಮಾಡಿ ಅಂತ ಅರ್ಜಿ ಹಾಕಬಹುದು. ಆಗ ಹೊರೆ ದಾವೆ ಹೂಡಿದವರ ಮೇಲೆ ಬೀಳುತ್ತದೆ. ಕೇಸಿನಲ್ಲಿ ಹುರುಳಿದೆ, ಎದುರಿನವರ ಬಳಿ ಗಟ್ಟಿ ಸಮರ್ಥನೆ ಇಲ್ಲ ಅಂತ ನಂಬಲು ಕಾರಣ ತೋರಿಸಬೇಕು. ಅಷ್ಟಾದರೂ ಮುಗಿಯಲಿಲ್ಲ. ದಾವೆ ಹೂಡಿದವರಿಗಾದ ಹಾನಿ ದೊಡ್ಡದೋ, ಆ ಮಾತನ್ನು ಕಾಪಾಡುವುದು ದೊಡ್ಡದೋ ಅಂತ ಕೋರ್ಟ್ ತೂಗಿ ನೋಡುತ್ತದೆ. ಕಾಯ್ದೆಯ ಜೀವ ಇರುವುದು ಇಲ್ಲೇ ಅಂತ ನನಗನ್ನಿಸುತ್ತದೆ. ದಾವೆ ವಜಾ ಆದರೆ, ಸಾಮಾನ್ಯವಾಗಿ ಎದುರಿನವರ ಪೂರ್ತಿ ಖರ್ಚನ್ನೂ ಕೊಡಬೇಕು.

ಅರ್ಜಿಯನ್ನು 60 ದಿನದೊಳಗೆ ವಿಚಾರಿಸಬೇಕು ಅನ್ನುತ್ತದೆ ಕಾಯ್ದೆ. ಸಂಘದ ಅರ್ಜಿ 2016ರಲ್ಲಿ ಬಿದ್ದುಹೋಯಿತು, 2018ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ಒಪ್ಪಂದದಲ್ಲಿ ಸಾಕ್ಷಿ ಹೇಳಬಾರದು ಅಂತ ಇರಲೇ ಇಲ್ಲ ಅಂತ ಕೆನಡಾದ ಸುಪ್ರೀಂ ಕೋರ್ಟ್ ಅಖೈರು ಮಾಡಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಬೇಗ ಮುಗಿಯಲಿ ಅಂತ ಮಾಡಿದ ದಾರಿ ಇದು!

ಅದೇ ದಿನ ಆ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ವಕೀಲೆಯೊಬ್ಬರು ತಮ್ಮ ಸಂಘದ ನೂರಾರು ವಕೀಲರಿಗೆ ಈ-ಮೇಲ್ ಕಳಿಸಿದ್ದರು. ಅಪಘಾತ ವಿಮೆಯ ಕೇಸಿನಲ್ಲಿ ಒಬ್ಬ ಡಾಕ್ಟರು ಬೇರೆ ಡಾಕ್ಟರುಗಳ ವರದಿಯನ್ನು ಬದಲಿಸಿದ್ದಾರೆ ಅನ್ನುವ ಆರೋಪ, ಹೆಸರು ಸಮೇತ. ವಿಷಯವೇನೋ ಎಲ್ಲರಿಗೂ ಸಂಬಂಧಪಟ್ಟದ್ದೇ. ಆದರೂ ಡಾಕ್ಟರ ಮಾನನಷ್ಟದ ದಾವೆ ನಡೆಯಲಿ ಅಂದರು ಐದು ನ್ಯಾಯಮೂರ್ತಿಗಳು. ಬೇಡ ಅಂದರು ನಾಲ್ವರು. ಆ ವಿಷಯ ತಿಳಿಸಲು ಡಾಕ್ಟರ ಹೆಸರು ಎತ್ತಲೇಬೇಕಿರಲಿಲ್ಲ ಅನ್ನುವುದು ಐವರ ವಾದಗಳಲ್ಲೊಂದು.

ಗಮನಿಸಿ, ವಕೀಲೆ ಹೇಳಿದ್ದು ಸುಳ್ಳು ಅಂತ ಕೋರ್ಟ್ ಎಲ್ಲೂ ಹೇಳಲಿಲ್ಲ. ವಿಚಾರಣೆ ಆಗಲಿ ಅಂದಿತು, ಅಷ್ಟೇ. ನನಗೆ ಐವರ ಮಾತೇ ಸರಿ ಕಾಣುತ್ತದೆ. ಹೆಸರು ಕೆಟ್ಟವರಿಗೂ ಒಂದು ಬಾಗಿಲು ತೆರೆದಿರಬೇಕಲ್ಲ. ಆದರೆ ತಪ್ಪನ್ನು ಹತ್ತಿರದಿಂದ ಕಂಡವರಿಗೆ ಹೆಸರು ಹೇಳದೆ ದೂರುವುದು ಎಷ್ಟು ಸಲ ಸಾಧ್ಯ? ಅದಕ್ಕೆ ಆ ತೀರ್ಪಿನಲ್ಲಿ ನನಗೆ ಸಮಾಧಾನದ ಉತ್ತರ ಸಿಗಲಿಲ್ಲ. ನಮಸ್ಕಾರ.